ಭಾರದ ನೆಲೆಯನ್ನರಿತ ಶಿಲ್ಪಿ: ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು

ಮಲೆನಾಡಿನ ನಮ್ಮ ಮೂರು ತಾಲ್ಲೂಕುಗಳ ಮಕ್ಕಳು ಅಣೆಕಟ್ಟುಗಳ ನಡುವೆಯೇ ಬೆಳೆದವರು. ಸಾಗರದ ಕಡೆ ಲಿಂಗನಮಕ್ಕಿ, ಹೊಸನಗರದ ಕಡೆ ಚಕ್ರಾ, ಸಾವೆಹಕ್ಲು, ಮಾಣಿ. ತೀರ್ಥಹಳ್ಳಿಯಿಂದ ಕೆಳಗಿಳಿದ ತುಂಗೆಗೆ ಗಾಜನೂರಿನಲ್ಲಿ ಕಟ್ಟೆ. ಮಳೆಗಾಲದಲ್ಲಿ ನೀರು ಎಷ್ಟು ಅಡಿಗೆ ಏರಿತೆಂಬುದು ನಮ್ಮ ಮನೆಗಳಲ್ಲಿ ಅಡಿಕೆಯ ಧಾರಣೆಯಷ್ಟೇ ಸಹಜವಾದ ಮಾತು. ಆದರೆ ಅಷ್ಟೊಂದು ನೀರಿನ ಒತ್ತಡಕ್ಕೆ ಎದೆಯೊಡ್ಡಿ ಕಲ್ಲಿನ ಗೋಡೆಯೊಂದು ಅಲುಗದೆ ನಿಲ್ಲುವುದು ಹೇಗೆಂದು ಕೇಳಿದರೆ, ಕಟ್ಟೆ ಭಾರವಾಗಿದೆ, ಆದ್ದರಿಂದ ನಿಂತಿದೆ ಎಂಬುದಷ್ಟೇ ಬಹುಮಂದಿಯಿಂದ ದೊರೆಯುವ ಉತ್ತರ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಭಾರವೆಷ್ಟು ಎಂಬುದಕ್ಕಿಂತಲೂ ಆ ಭಾರ ಎಲ್ಲಿ ನೆಲೆಗೊಂಡಿದೆ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ಭೌತವಿಜ್ಞಾನವು ಇದನ್ನೇ ದ್ರವ್ಯರಾಶಿ ಕೇಂದ್ರದ ಪ್ರಶ್ನೆಯೆಂದು ಕರೆಯುತ್ತದೆ. ಈ ತತ್ತ್ವವನ್ನು ಪುಸ್ತಕದಿಂದ ನದಿಯ ಪಾತ್ರಕ್ಕೆ ಇಳಿಸಿ, ಕಲ್ಲು ಗಾರೆಗಳಲ್ಲಿ ಸಾಕ್ಷಾತ್ಕರಿಸಿಕೊಟ್ಟ ಕನ್ನಡನಾಡಿನ ಮಹಾಶಿಲ್ಪಿ ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಜೀವನವನ್ನು ಈ ಒಂದು ತತ್ತ್ವದ ಬೆಳಕಿನಲ್ಲಿ ಅವಲೋಕಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, ೧೮೬೧ನೆಯ ಇಸವಿ ಸೆಪ್ಟೆಂಬರ್ ೧೫ರಂದು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಜರು ಆಂಧ್ರದ ಮೋಕ್ಷಗುಂಡದಿಂದ ಬಂದು ನೆಲಸಿದವರಾದುದರಿಂದ ಆ ಊರಿನ ಹೆಸರು ಮನೆತನಕ್ಕೆ ಅಂಟಿಕೊಂಡಿತು. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಧನಕ್ಕೆ ಇತ್ತು. ಬಾಲಕನು ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ತಾಯಿಯ ಧೈರ್ಯ ಹಾಗೂ ಬೆಂಗಳೂರಿನಲ್ಲಿದ್ದ ಸೋದರಮಾವನ ಆಶ್ರಯ ಅವರ ಓದನ್ನು ಮುಂದುವರಿಸಿದವು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ನಿಭಾಯಿಸಿಕೊಂಡರು. ೧೮೮೧ರಲ್ಲಿ ಪದವಿ ಪಡೆದ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ, ೧೮೮೩ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತಕ್ಕೇ ಪ್ರಥಮರಾಗಿ ಉತ್ತೀರ್ಣರಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ಅವರಿಗೆ ದೊರೆಯಿತು.

ಬಡ ವಿದ್ಯಾರ್ಥಿಯೊಬ್ಬನಿಗೆ ಸಕಾಲದಲ್ಲಿ ಸಂದ ಅಲ್ಪ ನೆರವು ಮುಂದೆ ಲಕ್ಷಾಂತರ ಎಕರೆ ನೆಲಕ್ಕೆ ನೀರಾಗಿ ಹರಿಯಿತೆಂಬುದನ್ನು ಇಲ್ಲಿ ನೆನೆಯಬೇಕು. ವಿದ್ಯಾದಾನದ ಫಲವನ್ನು ಅಳೆಯುವ ಕೊಳಗ ದಾನಿಯ ಕಾಲದಲ್ಲಿ ಇರುವುದಿಲ್ಲ.

ಖಡಕ್‌ವಾಸ್ಲದ ಬಾಗಿಲುಗಳು

ಮುಂಬಯಿ ಪ್ರಾಂತದ ಸೇವೆಯಲ್ಲಿ ಅವರು ಇಪ್ಪತ್ತನಾಲ್ಕು ವರ್ಷಗಳ ಕಾಲ ದುಡಿದರು. ಸಿಂಧೂ ನದಿಯ ದಂಡೆಯ ಸಕ್ಕರ್ ಪಟ್ಟಣಕ್ಕೆ ನದಿಯ ಪಾತ್ರದಲ್ಲಿಯೇ ಬಾವಿ ತೋಡಿ, ಮರಳಿನ ಮೂಲಕ ತಾನಾಗಿ ಸೋಸಿಬಂದ ತಿಳಿನೀರನ್ನು ಒದಗಿಸಿದ್ದು ಈ ಅವಧಿಯ ಕೆಲಸ. ದಖ್ಖನ್ನಿನ ಕಾಲುವೆಗಳಲ್ಲಿ ನೀರಿನ ಹಂಚಿಕೆಗಾಗಿ ಬ್ಲಾಕ್ ಪದ್ಧತಿಯನ್ನು ರೂಪಿಸಿದ್ದೂ ಆಗಲೇ. ಆದರೆ ಅವರ ಹೆಸರನ್ನು ದೇಶದಾಚೆಗೂ ಮುಟ್ಟಿಸಿದ ಕೃತಿ ಪುಣೆಯ ಬಳಿಯ ಖಡಕ್‌ವಾಸ್ಲ ಜಲಾಶಯಕ್ಕೆ ೧೯೦೩ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು.

ಅಲ್ಲಿನ ಸಮಸ್ಯೆ ಸರಳವಾಗಿತ್ತು, ಪರಿಹಾರ ಸರಳವಾಗಿರಲಿಲ್ಲ. ಪುಣೆಗೆ ನೀರು ಸಾಲದು, ಸಂಗ್ರಹ ಹೆಚ್ಚಬೇಕು. ಅದಕ್ಕಾಗಿ ಕಟ್ಟೆಯನ್ನು ಎತ್ತರಿಸಿದರೆ, ಹಳೆಯ ಅಡಿಪಾಯದ ಮೇಲೆ ಬೀಳುವ ನೀರಿನ ಒತ್ತಡವೂ ಬೆಳೆಯುತ್ತದೆ. ವಿಶ್ವೇಶ್ವರಯ್ಯನವರು ಕಟ್ಟೆಯನ್ನು ಮುಟ್ಟದೆ, ಹೆಚ್ಚುವರಿ ನೀರು ಹರಿದುಹೋಗುವ ಕೋಡಿಯ ಮೇಲೆ ಬಾಗಿಲುಗಳನ್ನು ನಿಲ್ಲಿಸಿದರು. ಹಿಂದಿನ ಮಹಾಪೂರದಲ್ಲಿ ನೀರು ಏರಿದ್ದ ಮಟ್ಟದವರೆಗೆ ಈ ಬಾಗಿಲುಗಳು ನೀರನ್ನು ತಡೆದು ನಿಲ್ಲಿಸುತ್ತಿದ್ದವು. ಆ ಮಟ್ಟ ಮೀರಿದೊಡನೆ ಯಾರೂ ಕೈಯಿಡದೆಯೇ ತೆರೆದುಕೊಂಡು, ನೀರಿಳಿದ ಮೇಲೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಬಾಗಿಲಿನ ತೂಕಕ್ಕೆ ಪ್ರತಿತೂಕವನ್ನು ಜೋಡಿಸಿ, ಏರುವ ನೀರೇ ಆ ಸಮತೋಲವನ್ನು ಕದಲಿಸುವಂತೆ ಮಾಡಿದ ಜಾಣ್ಮೆಯಿದು. ಈ ರಚನೆಗೆ ಅವರು ಪೇಟೆಂಟ್ ಪಡೆದರು. ಗ್ವಾಲಿಯರಿನ ತಿಗ್ರಾ ಕಟ್ಟೆಯಲ್ಲಿಯೂ ಮುಂದೆ ಕೃಷ್ಣರಾಜಸಾಗರದಲ್ಲಿಯೂ ಇದೇ ಬಗೆಯ ಬಾಗಿಲುಗಳು ಬಂದವು.

ದ್ರವ್ಯರಾಶಿ ಕೇಂದ್ರವೆಂದರೇನು?

ಸಮತೋಲದ ಈ ವಿದ್ಯೆಯ ಬುಡದಲ್ಲಿರುವ ತತ್ತ್ವವನ್ನು ಇಲ್ಲಿ ತುಸು ವಿವರವಾಗಿ ನೋಡೋಣ. ಯಾವುದೇ ವಸ್ತುವಿನಲ್ಲಿ ಅಸಂಖ್ಯ ಕಣಗಳಿವೆ. ಪ್ರತಿಯೊಂದು ಕಣವನ್ನೂ ಭೂಮಿ ಎಳೆಯುತ್ತದೆ. ಆ ಎಲ್ಲ ಎಳೆತಗಳನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುವುದು ಅಸಾಧ್ಯ. ಆದರೆ ವಸ್ತುವಿನ ಇಡೀ ದ್ರವ್ಯರಾಶಿಯು ಒಂದೇ ಬಿಂದುವಿನಲ್ಲಿ ಕೂಡಿದೆಯೋ ಎಂಬಂತೆ ಭಾವಿಸಬಹುದಾದ ಒಂದು ನೆಲೆ ಇದೆ. ಅದೇ ದ್ರವ್ಯರಾಶಿ ಕೇಂದ್ರ. ಭೂಮಿಯ ಮೇಲಿನ ಸಾಧಾರಣ ಗಾತ್ರದ ವಸ್ತುಗಳಲ್ಲಿ ಗುರುತ್ವಕೇಂದ್ರವೂ ಅದೇ ಬಿಂದುವಿನಲ್ಲಿರುತ್ತದೆ.

ನಮ್ಮ ರೈತರು ಈ ತತ್ತ್ವವನ್ನು ಹೆಸರು ತಿಳಿಯದೆಯೇ ಬಲ್ಲರು. ಎತ್ತಿನ ಗಾಡಿಗೆ ಅಡಿಕೆ ಮೂಟೆ ಹೇರುವಾಗ ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೇಳುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಅನುಭವಿ ಗಾಡಿಯಾಳು ಒಂದೆರಡು ಮೂಟೆಗಳನ್ನು ಆಚೀಚೆ ಸರಿಸಿ ಹೊರೆಯ ಕೇಂದ್ರವನ್ನು ಅಚ್ಚಿನ ತುಸು ಮುಂದಕ್ಕೆ ತರುತ್ತಾನೆ. ಉದ್ದನೆಯ ದೋಟಿಯನ್ನು ಹೆಗಲಮೇಲಿಟ್ಟು ತೋಟಕ್ಕೆ ಹೊರಡುವವನು ಅದನ್ನು ನಟ್ಟನಡುವೆ ಹಿಡಿಯುವುದಿಲ್ಲ. ಬುಡ ದಪ್ಪವಾಗಿರುವುದರಿಂದ ಬುಡದ ಕಡೆಗೆ ಸರಿದು ಹಿಡಿಯುತ್ತಾನೆ. ಶರಾವತಿಯ ಹಿನ್ನೀರಿನಲ್ಲಿ ಲಾಂಚು ನಡೆಸುವವರು ಭಾರವಾದ ಸರಕನ್ನು ತಳದಲ್ಲಿಯೇ ಇರಿಸುವುದೂ ಇದೇ ಕಾರಣಕ್ಕೆ. ಕೇಂದ್ರ ತಗ್ಗಿನಲ್ಲಿದ್ದಷ್ಟೂ ವಸ್ತು ಉರುಳುವುದು ಕಠಿಣ.

ಲೆಕ್ಕದ ಕ್ರಮವೂ ಈ ಅನುಭವದಿಂದಲೇ ಹುಟ್ಟಿದೆ. ವಸ್ತುವನ್ನು ನಮಗೆ ಪರಿಚಿತವಾದ ಆಕಾರದ ಭಾಗಗಳಾಗಿ ವಿಂಗಡಿಸಬೇಕು. ಒಂದು ನಿಶ್ಚಿತ ರೇಖೆಯಿಂದ ಪ್ರತಿ ಭಾಗದ ಕೇಂದ್ರ ಎಷ್ಟು ದೂರವಿದೆಯೆಂದು ಅಳೆದು, ಆ ದೂರವನ್ನು ಆ ಭಾಗದ ರಾಶಿಯಿಂದ ಗುಣಿಸಬೇಕು. ಗುಣಲಬ್ಧಗಳನ್ನೆಲ್ಲ ಕೂಡಿಸಿ ಒಟ್ಟು ರಾಶಿಯಿಂದ ಭಾಗಿಸಿದರೆ ಕೇಂದ್ರದ ದೂರ ದೊರೆಯುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕನಾದ ಆರ್ಕಿಮಿಡೀಸನು ಸನ್ನೆಕೋಲಿನ ನಿಯಮದಿಂದ ಹೊರಟು, ತ್ರಿಭುಜದ ಕೇಂದ್ರವು ಅದರ ಮಧ್ಯರೇಖೆಗಳು ಸಂಧಿಸುವಲ್ಲಿದೆಯೆಂದು ಸಾಧಿಸಿದನು. ಅಂದರೆ ಲಂಬಕೋನ ತ್ರಿಭುಜವೊಂದರ ನೇರ ಬದಿಯಿಂದ ಅದರ ಕೇಂದ್ರವು ತಳದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿರುತ್ತದೆ. ಅಣೆಕಟ್ಟಿನ ಶಾಸ್ತ್ರಕ್ಕೆ ಈ ಒಂದು ಸಂಗತಿ ಬಹಳ ದೂರದವರೆಗೆ ಸಾಕಾಗುತ್ತದೆ. ಏಕೆಂದರೆ ಕಲ್ಲಿನ ಕಟ್ಟೆಯ ಅಡ್ಡಕೊಯ್ತವು ಸ್ಥೂಲವಾಗಿ ಒಂದು ಆಯತ ಮತ್ತು ಒಂದು ತ್ರಿಭುಜ ಸೇರಿದ ಆಕೃತಿ.

ಮೈಸೂರಿಗೆ ಆಗಮನ: ಕನ್ನಂಬಾಡಿಯ ಕಟ್ಟೆ

೧೯೦೮ರಲ್ಲಿ, ನಿವೃತ್ತಿಯ ವಯಸ್ಸಿಗೆ ಮುನ್ನವೇ, ವಿಶ್ವೇಶ್ವರಯ್ಯನವರು ಮುಂಬಯಿಯ ಸೇವೆಯಿಂದ ಹೊರಬಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರವು ಹೈದರಾಬಾದು ನಗರವನ್ನು ಹಾಳುಗೆಡವಿತ್ತು. ನಿಜಾಮರ ಸರ್ಕಾರದ ಕೋರಿಕೆಯಂತೆ ಅಲ್ಲಿಗೆ ತೆರಳಿ, ಪೂರವನ್ನು ಮೇಲ್ಗಡೆಯಲ್ಲಿಯೇ ತಡೆಯುವ ಜಲಾಶಯಗಳ ಯೋಜನೆಯನ್ನು ಸಿದ್ಧಪಡಿಸಿಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಚಿಂತನೆಯ ಫಲ. ೧೯೦೯ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಅಧಿಕಾರ ವಹಿಸಿಕೊಂಡರು.

ಆಗ ಮೈಸೂರಿನ ಮುಂದಿದ್ದ ದೊಡ್ಡ ಕಾರ್ಯ ಕಾವೇರಿಗೆ ಕನ್ನಂಬಾಡಿಯ ಬಳಿ ಅಣೆ ಕಟ್ಟುವುದು. ೧೯೦೨ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. ಬೇಸಗೆಯಲ್ಲಿ ನದಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಮಂಡ್ಯದ ಬಯಲು ಮಳೆಯನ್ನೇ ನಂಬಿ ಒಣಗಿತ್ತು. ಖರ್ಚಿಗೆ ಅಂಜಿದವರು ಸಂಸ್ಥಾನದಲ್ಲಿಯೇ ಇದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ದೂರದೃಷ್ಟಿಯಿಂದ ೧೯೧೧ರಲ್ಲಿ ಮಂಜೂರಾತಿ ದೊರೆತು, ಆ ವರ್ಷದ ನವೆಂಬರಿನಲ್ಲಿ ಕೆಲಸ ಪ್ರಾರಂಭವಾಯಿತು.

ಆದರೆ ಕೆಳಹರಿವಿನ ಮದರಾಸು ಸರ್ಕಾರ ಒಪ್ಪಲಿಲ್ಲ. ಮೈಸೂರು ಬಯಸಿದ್ದು ೪೧.೫ ಟಿ.ಎಂ.ಸಿ. ಅಡಿ ನೀರು ನಿಲ್ಲುವ ಕಟ್ಟೆ; ಅನುಮತಿ ದೊರೆತದ್ದು ೧೧ ಟಿ.ಎಂ.ಸಿ. ಅಡಿಗೆ ಮಾತ್ರ. ಇಲ್ಲಿ ಎಂಜಿನಿಯರನ ಮುಂದೆ ನಿಜವಾದ ಧರ್ಮಸಂಕಟ ತಲೆದೋರಿತು. ಅನುಮತಿಸಿದ ಗಿಡ್ಡ ಕಟ್ಟೆಗೆ ತಕ್ಕಷ್ಟೇ ಅಡಿಪಾಯ ಹಾಕಿದರೆ ಹಣ ಉಳಿಯುತ್ತದೆ. ಆದರೆ ನಾಳೆ ಅನುಮತಿ ಬಂದರೂ ಕಟ್ಟೆ ಮೇಲೇರದು. ಪೂರ್ಣ ಎತ್ತರಕ್ಕೆ ತಕ್ಕ ಅಡಿಪಾಯ ಹಾಕಿದರೆ, ಬಾರದಿರಬಹುದಾದ ಅನುಮತಿಗಾಗಿ ಸಂಸ್ಥಾನದ ಹಣವನ್ನು ಈಗಲೇ ನೆಲದಡಿ ಹೂತಂತೆ. ಮೈಸೂರು ಎರಡನೆಯ ದಾರಿಯನ್ನೇ ಹಿಡಿಯಿತು. ಅಡಿಪಾಯವನ್ನು ಪೂರ್ಣ ಎತ್ತರದ ಕಟ್ಟೆಗೆ ತಕ್ಕ ಅಗಲದಲ್ಲಿಯೇ ಹಾಕಲಾಯಿತು. ಇದಕ್ಕಾಗಿ ಆಕ್ಷೇಪಣೆಗಳೂ ಬಂದವು. ಕೆಳಹರಿವಿನ ರೈತರ ಭಯವೂ ಸುಳ್ಳಾಗಿರಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಒಪ್ಪಬೇಕು.

ಈ ನಿರ್ಧಾರದ ಹಿಂದಿನ ಶಾಸ್ತ್ರವನ್ನು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಯೂ ಲೆಕ್ಕ ಮಾಡಿ ನೋಡಬಹುದು. ತರಗತಿಯ ಉಪಯೋಗಕ್ಕಾಗಿ ಒಂದು ಕಲ್ಪಿತ ಕಟ್ಟೆಯನ್ನು ತೆಗೆದುಕೊಳ್ಳೋಣ. ಎತ್ತರ ೩೦ ಮೀಟರು, ತಳದ ಅಗಲ ೨೧ ಮೀಟರು, ತಲೆಯ ಅಗಲ ೩ ಮೀಟರು. ನೀರಿನ ಕಡೆಯ ಮುಖ ನೆಟ್ಟಗಿದೆ, ಹಿಂಬದಿ ಇಳಿಜಾರಾಗಿದೆ. ಕಟ್ಟೆಯ ಉದ್ದದಲ್ಲಿ ಒಂದು ಮೀಟರನ್ನು ಮಾತ್ರ ಪರಿಗಣಿಸೋಣ.

ನೀರಿನ ಕಡೆಗೆ ೩ ಮೀಟರು ಅಗಲ, ೩೦ ಮೀಟರು ಎತ್ತರದ ಆಯತವಿದೆ. ವಿಸ್ತೀರ್ಣ ೯೦ ಚದರ ಮೀಟರು. ಅದರ ಕೇಂದ್ರ ನೀರಿನ ಮುಖದಿಂದ ೧.೫ ಮೀಟರು ದೂರದಲ್ಲಿದೆ. ಅದರ ಹಿಂದೆ ೧೮ ಮೀಟರು ತಳದ ತ್ರಿಭುಜ. ವಿಸ್ತೀರ್ಣ ೨೭೦ ಚದರ ಮೀಟರು. ಕೇಂದ್ರ ೩ ಕೂಡಿಸು ೬, ಅಂದರೆ ೯ ಮೀಟರು ದೂರ. ಕಲ್ಲುಗಾರೆ ಎಲ್ಲೆಡೆ ಒಂದೇ ಸಾಂದ್ರತೆಯದಾದುದರಿಂದ ರಾಶಿಯ ಬದಲು ವಿಸ್ತೀರ್ಣದಿಂದಲೇ ಗುಣಿಸಬಹುದು. ೯೦ನ್ನು ೧.೫ರಿಂದ ಗುಣಿಸಿದರೆ ೧೩೫, ೨೭೦ನ್ನು ೯ರಿಂದ ಗುಣಿಸಿದರೆ ೨೪೩೦, ಮೊತ್ತ ೨೫೬೫. ಇದನ್ನು ಒಟ್ಟು ವಿಸ್ತೀರ್ಣವಾದ ೩೬೦ರಿಂದ ಭಾಗಿಸಿದರೆ ೭.೧೨೫ ಮೀಟರು. ಕಟ್ಟೆಯ ಭಾರವೆಲ್ಲವೂ ನೀರಿನ ಮುಖದಿಂದ ಇಷ್ಟು ದೂರದ ಲಂಬರೇಖೆಯಲ್ಲಿ ಕೆಳಗಿಳಿಯುತ್ತದೆ.

ಈಗ ಜಲಾಶಯ ತುಂಬಲಿ. ಒಂದು ಘನ ಮೀಟರು ಕಲ್ಲುಗಾರೆ ೨.೪ ಟನ್ನು ತೂಗುವುದೆಂದು ಹಿಡಿದರೆ ಕಟ್ಟೆಯ ತೂಕ ೮೬೪ ಟನ್ನು. ೩೦ ಮೀಟರು ಆಳದ ನೀರು ಅಡ್ಡಡ್ಡಲಾಗಿ ತಳ್ಳುವ ಬಲ ೪೫೦ ಟನ್ನು. ಆಳ ಹೆಚ್ಚಿದಂತೆ ಒತ್ತಡ ಬೆಳೆಯುವುದರಿಂದ ಈ ಬಲವು ತಳದಿಂದ ಮೂರನೆಯ ಒಂದು ಭಾಗದಷ್ಟು ಎತ್ತರದಲ್ಲಿ, ಅಂದರೆ ೧೦ ಮೀಟರಿನಲ್ಲಿ ವರ್ತಿಸುತ್ತದೆ. ಕಟ್ಟೆಯನ್ನು ಉರುಳಿಸಲು ಯತ್ನಿಸುವ ಭ್ರಾಮಕ ೪೫೦೦. ಅದನ್ನು ೮೬೪ರಿಂದ ಭಾಗಿಸಿದರೆ ೫.೨೧ ಮೀಟರು. ನೀರಿನ ತಳ್ಳಿಕೆಯಿಂದಾಗಿ ಭಾರದ ರೇಖೆ ತಳದಲ್ಲಿ ಇಷ್ಟು ದೂರ ಹಿಂದಕ್ಕೆ ಸರಿದು, ನೀರಿನ ಮುಖದಿಂದ ಸುಮಾರು ೧೨.೩೩ ಮೀಟರಿನಲ್ಲಿ ನೆಲವನ್ನು ಮುಟ್ಟುತ್ತದೆ.

೨೧ ಮೀಟರು ತಳವನ್ನು ಮೂರು ಸಮಪಾಲು ಮಾಡಿದರೆ ನಡುವಿನ ಪಾಲು ೭ರಿಂದ ೧೪ರವರೆಗೆ. ಬರಿದಾದಾಗ ೭.೧೨೫, ತುಂಬಿದಾಗ ೧೨.೩೩, ಎರಡೂ ನಡುವಿನ ಪಾಲಿನೊಳಗೇ ಇವೆ. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳು ಕಂಡುಕೊಂಡ ಮಧ್ಯತೃತೀಯಾಂಶ ನಿಯಮ ಇದೇ. ಭಾರದ ರೇಖೆ ಈ ಪಾಲಿನೊಳಗಿರುವವರೆಗೆ ತಳದ ಎಲ್ಲ ಭಾಗವೂ ಒತ್ತಿಕೊಂಡಿರುತ್ತದೆ. ಹೊರಗೆ ಸರಿದರೆ ಒಂದು ಅಂಚು ಬಿಡಿಸಿಕೊಳ್ಳಲು ಹವಣಿಸುತ್ತದೆ. ಕಲ್ಲುಗಾರೆಯು ಒತ್ತಡವನ್ನು ತಾಳುವಷ್ಟು ಎಳೆತವನ್ನು ತಾಳದು.

ಇನ್ನು ಅದೇ ೩೦ ಮೀಟರಿನ ಕಟ್ಟೆಯನ್ನು ೧೪ ಮೀಟರು ತಳದ ಮೇಲೆ ಏರಿಸಿದೆವೆನ್ನಿ. ಲೆಕ್ಕವನ್ನು ಮರಳಿ ಮಾಡಿದರೆ ಬರಿದಾದಾಗ ಭಾರದ ರೇಖೆ ೪.೮೪ ಮೀಟರಿನಲ್ಲಿದೆ. ನೀರು ತುಂಬಿದಾಗ ಅದು ೧೨.೨ ಮೀಟರಿಗೆ ಸರಿಯುತ್ತದೆ. ನಡುವಿನ ಪಾಲು ಮುಗಿಯುವುದು ೯.೩೩ಕ್ಕೆ. ಕಟ್ಟೆ ಹಿಂಬದಿಯ ತುದಿಬೆರಳಿನ ಮೇಲೆ ನಿಂತಂತೆ! ಕನ್ನಂಬಾಡಿಯಲ್ಲಿ ಅಡಿಪಾಯವನ್ನು ಮೊದಲೇ ಅಗಲಿಸಿದ್ದು ಹಟದಿಂದಲ್ಲ, ಲೆಕ್ಕದಿಂದ ಎಂಬುದು ಇದರಿಂದ ವೇದ್ಯವಾಗುತ್ತದೆ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಮೇಲಿನ ಲೆಕ್ಕದಲ್ಲಿ ಕಟ್ಟೆಯ ಅಡಿಯಲ್ಲಿ ಒಸರುವ ನೀರಿನ ಮೇಲೊತ್ತಡವನ್ನು ಬಿಡಲಾಗಿದೆ. ಆ ಮೇಲೊತ್ತಡ ನೀರಿನ ಮುಖದ ಬಳಿ ಪೂರ್ಣವಾಗಿಯೂ ಹಿಂಬದಿಯ ತುದಿಯಲ್ಲಿ ಶೂನ್ಯವಾಗಿಯೂ ಇದೆಯೆಂದು ಹಿಡಿದರೆ, ನಮ್ಮ ೨೧ ಮೀಟರು ತಳದ ಕಟ್ಟೆಯಲ್ಲಿಯೂ ಭಾರದ ರೇಖೆ ೧೫.೪ ಮೀಟರಿಗೆ ಜಾರಿ, ನಡುವಿನ ಪಾಲಿನ ಹೊರಗೆ ಬೀಳುತ್ತದೆ. ಫ್ರಾನ್ಸಿನ ಬೂಜೆ ಅಣೆಕಟ್ಟು ೧೮೯೫ರಲ್ಲಿ ಒಡೆದು ಹಲವರ ಪ್ರಾಣಹಾನಿಯಾದಾಗ ಜಗತ್ತು ಈ ಪಾಠವನ್ನು ಕಲಿತುಕೊಂಡಿತು. ಅಡಿಪಾಯವನ್ನು ಬಿರುಕಿಲ್ಲದ ಬಂಡೆಗೆ ಮುಟ್ಟಿಸುವುದು, ಒಸರುವ ನೀರನ್ನು ಬಸಿದು ಹೊರಹಾಕುವುದು ಈ ಕಾರಣದಿಂದಲೇ ಅಣೆಕಟ್ಟಿನ ಪ್ರಾಣವಾಗಿವೆ.

ಸಿಮೆಂಟು ದುರ್ಲಭವಾಗಿದ್ದ ಆ ಕಾಲದಲ್ಲಿ ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದಲೇ ಕಟ್ಟೆ ಮೇಲೆದ್ದಿತು. ವಿವಾದವು ೧೯೧೪ರ ಪಂಚಾಯಿತಿ ತೀರ್ಪನ್ನೂ ದಾಟಿ ಮುಂದುವರಿದು, ೧೯೨೪ರ ಒಪ್ಪಂದದಿಂದ ಒಂದು ನೆಲೆಗೆ ಬಂದಿತು. ಆಗ ಪೂರ್ಣ ಎತ್ತರಕ್ಕೆ ಏರಿಸಲು ಅಡಿಪಾಯ ಸಿದ್ಧವಾಗಿಯೇ ಇತ್ತು. ಸುಮಾರು ೮,೬೦೦ ಅಡಿ ಉದ್ದದ, ೧೩೦ ಅಡಿ ಎತ್ತರದ ಕೃಷ್ಣರಾಜಸಾಗರ ೧೯೩೦ರ ದಶಕದ ಆರಂಭದಲ್ಲಿ ಪೂರ್ಣಗೊಂಡು, ಮಂಡ್ಯದ ಒಂದು ಲಕ್ಷಕ್ಕೂ ಮಿಕ್ಕ ಎಕರೆ ಬಯಲನ್ನು ಹಸಿರಾಗಿಸಿತು. ಹಳೆಯ ಕನ್ನಂಬಾಡಿ ಗ್ರಾಮ ನೀರಿನಡಿಗೆ ಸೇರಿತೆಂಬುದನ್ನೂ ಮರೆಯಲಾಗದು.

ದಿವಾನಗಿರಿ: ಸಮಾಜದ ಅಡಿಪಾಯ

೧೯೧೨ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಆರು ವರ್ಷಗಳ ಆ ಅವಧಿಯಲ್ಲಿ ಮೈಸೂರು ಬ್ಯಾಂಕು (೧೯೧೩), ಮೈಸೂರು ವಿಶ್ವವಿದ್ಯಾನಿಲಯ (೧೯೧೬), ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (೧೯೧೭) ಹುಟ್ಟಿಕೊಂಡವು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು ಬಂದಿತು. ೧೯೧೫ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿಯನ್ನಿತ್ತಿತು.

ಅವರ ಅಧಿಕಾರಾವಧಿಯ ಕೊನೆಯ ಅಧ್ಯಾಯವನ್ನು ಹೊಗಳಿಕೆಯ ಭರದಲ್ಲಿ ಬಿಟ್ಟುಬಿಡುವುದು ಸತ್ಯಕ್ಕೆ ಸಲ್ಲುವ ಗೌರವವಲ್ಲ. ಸರ್ಕಾರಿ ಉದ್ಯೋಗಗಳಲ್ಲಿ ಒಂದೇ ಸಮುದಾಯದವರ ಪ್ರಾಬಲ್ಯವಿದ್ದುದರಿಂದ, ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮೊದಲಾದ ಸಮಾಜಗಳ ಮುಖಂಡರು ಪ್ರಾತಿನಿಧ್ಯವನ್ನು ಕೇಳಿದರು. ಮಹಾರಾಜರು ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಅರ್ಹತೆಯ ಮಾನದಂಡ ಸಡಿಲವಾಗುವುದೆಂದು ಭಾವಿಸಿದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ಅವರು ಅಧಿಕಾರದಿಂದ ದೂರ ಸರಿದರು. ಶಿಕ್ಷಣ ಎಲ್ಲರಿಗೂ ತಲಪಿದರೆ ಅಂತರ ತಾನಾಗಿ ಅಳಿಯುವುದೆಂಬುದು ಅವರ ನಂಬಿಕೆ. ತಲೆಮಾರುಗಳಿಂದ ಬಾಗಿಲ ಹೊರಗೆ ನಿಂತವರಿಗೆ ಕಾಯುವ ವ್ಯವಧಾನವಿರಲಿಲ್ಲ.

ಇಷ್ಟು ಕಾಲ ಕಳೆದ ಮೇಲೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎತ್ತರವನ್ನು ಬಯಸುವವನು ಅಡಿಪಾಯವನ್ನು ಮೊದಲೇ ಅಗಲಿಸಬೇಕೆಂಬ ನಿಯಮ ಕಟ್ಟೆಗೆ ಸಲ್ಲುವಂತೆ ಸಮಾಜಕ್ಕೂ ಸಲ್ಲುತ್ತದೆ. ಕಾವೇರಿಯಲ್ಲಿ ಆ ನಿಯಮವನ್ನು ಅಷ್ಟು ದೃಢವಾಗಿ ಪಾಲಿಸಿದ ಮಹಾನುಭಾವರು, ಉದ್ಯೋಗದ ವಿಷಯದಲ್ಲಿ ಅದೇ ನಿಯಮದ ಬೇಡಿಕೆಯನ್ನು ಪೂರ್ತಿಯಾಗಿ ಮನಗಾಣಲಿಲ್ಲವೆನ್ನಬೇಕು. ಆದರೆ ಅವರು ತೆರೆದ ಶಾಲೆ ಕಾಲೇಜುಗಳೇ ಮುಂದೆ ಆ ಅಡಿಪಾಯದ ಕಲ್ಲುಗಳಾದವು. ಆ ವಿದ್ಯಾಸಂಸ್ಥೆಗಳ ಜೊತೆಗೆ ಮಠಗಳು ನಡೆಸಿದ ಪ್ರಸಾದನಿಲಯಗಳೂ ಸೇರಿ, ಹಳ್ಳಿಯ ಮಕ್ಕಳನ್ನು ವಿಶ್ವವಿದ್ಯಾನಿಲಯದ ಮೆಟ್ಟಿಲಿಗೆ ಮುಟ್ಟಿಸಿದವು. ಇಬ್ಬರ ಕೊಡುಗೆಯನ್ನೂ ಕೃತಜ್ಞತೆಯಿಂದ ಸ್ಮರಿಸುವುದೇ ನ್ಯಾಯ.

ಮಲೆನಾಡಿನೊಡನೆ ನಂಟು

ಶಿವಮೊಗ್ಗ ಜಿಲ್ಲೆಗೆ ವಿಶ್ವೇಶ್ವರಯ್ಯನವರ ಕೊಡುಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು ಇವೆರಡನ್ನು ನೆಚ್ಚಿ ಕೈಗೊಂಡ ಈ ಉದ್ಯಮ ೧೯೨೩ರಲ್ಲಿ ಉತ್ಪಾದನೆಗೆ ತೊಡಗಿತು. ಆರಂಭದಲ್ಲಿಯೇ ನಷ್ಟಕ್ಕೆ ಸಿಲುಕಿದಾಗ ಮಹಾರಾಜರ ಕೋರಿಕೆಯಂತೆ ಅದರ ಹೊಣೆಯನ್ನು ವಹಿಸಿಕೊಂಡು, ೧೯೨೯ರವರೆಗೆ ನಡೆಸಿ, ತನ್ನ ಕಾಲಮೇಲೆ ನಿಲ್ಲುವಂತೆ ಮಾಡಿದರು. ಅದರಿಂದ ಸಲ್ಲಬೇಕಾಗಿದ್ದ ಗೌರವಧನವನ್ನು ತಮಗಾಗಿ ಬಳಸದೆ, ಕಸುಬಿನ ಶಿಕ್ಷಣ ಸಂಸ್ಥೆಗೆ ವಿನಿಯೋಗಿಸುವಂತೆ ಕೋರಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ೧೯೪೩ರಲ್ಲಿ ಆ ಸಂಕಲ್ಪದಿಂದ ಮೈದಳೆಯಿತು. ದುಡಿದು ಗಳಿಸಿದ್ದನ್ನು ಮರಳಿ ಸಮಾಜಕ್ಕೆ ಒಪ್ಪಿಸುವ ಈ ನಡತೆಗೆ ಕಾಯಕ ದಾಸೋಹಗಳ ನಾಡಿನಲ್ಲಿ ಬೇರೆ ವ್ಯಾಖ್ಯಾನ ಬೇಕಿಲ್ಲ.

ಜೋಗದ ನೀರಿನ ಶಕ್ತಿಯನ್ನು ನಾಡಿನ ಏಳಿಗೆಗೆ ಬಳಸಬೇಕೆಂಬ ಹಂಬಲವೂ ಅವರದಾಗಿತ್ತು. ಆ ಕಾರ್ಯ ಅವರ ಅಧಿಕಾರದ ಕಾಲದಲ್ಲಿ ಕೈಗೂಡಲಿಲ್ಲ. ೧೯೩೯ರಲ್ಲಿ ಪ್ರಾರಂಭವಾದ ಜೋಗದ ವಿದ್ಯುದಾಗಾರ ೧೯೪೮ರ ಫೆಬ್ರವರಿಯಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕೆ ನೀರುಣಿಸಲು ಸಾಗರ ತಾಲ್ಲೂಕಿನಲ್ಲಿ ಹಿರೇಭಾಸ್ಕರದ ಕಟ್ಟೆ ಎದ್ದಿತು. ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರು ಆ ಹಳೆಯ ಕಟ್ಟೆಯನ್ನೇ ನುಂಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ನೀರಿಳಿದಾಗ ಹಿರೇಭಾಸ್ಕರದ ಕಟ್ಟೆ ಇಂದಿಗೂ ತಲೆಯೆತ್ತಿ ನಿಲ್ಲುತ್ತದೆ. ಹೊರೆ ಸರಿಯಾದ ನೆಲೆಯಲ್ಲಿದ್ದ ಕಟ್ಟಡ ಮುಳುಗಿಯೂ ಉರುಳಲಿಲ್ಲ.

ಆದರೆ ಊರುಗಳು ಉಳಿಯಲಿಲ್ಲ. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ತೋಟ ಗದ್ದೆಗಳು ನೀರಿನಡಿಗೆ ಸೇರಿದವು. ನಾಡಿಗೆ ಬೆಳಕು ಕೊಟ್ಟವರು ಕಾಡಿನ ನಡುವೆ ಹೊಸ ಬದುಕನ್ನು ಹುಡುಕಿದರು. ಹಿನ್ನೀರಿನಾಚೆಯ ಜನ ಲಾಂಚಿಗಾಗಿ ಕಾದು ಕುಳಿತರು. ಅಂಬಾರಗೋಡ್ಲು ಕಳಸವಳ್ಳಿ ನಡುವಿನ ಸೇತುವೆ ೨೦೨೫ರಲ್ಲಿ ತೆರೆಯುವವರೆಗೆ ಆ ಕಾಯುವಿಕೆ ಆರು ದಶಕಗಳದಾಯಿತು. ನಾಡಿನ ಏಳಿಗೆಯ ಭಾರ ಕೆಲವರ ಹೆಗಲ ಮೇಲಷ್ಟೇ ಬಿದ್ದರೆ ಅದು ಸಮತೋಲವಲ್ಲವೆಂಬುದನ್ನು ಈ ಕಣಿವೆ ಅರಿತಷ್ಟು ಬೇರೆ ಯಾವ ನೆಲವೂ ಅರಿತಿರಲಾರದು.

ಸಂಧ್ಯಾಕಾಲ

ವಿಶ್ವೇಶ್ವರಯ್ಯನವರಿಗೆ ನಿವೃತ್ತಿಯೆಂಬುದು ಹೆಸರಿಗೆ ಮಾತ್ರ. ೧೯೩೪ರಲ್ಲಿ ಭಾರತಕ್ಕೆ ಯೋಜನಾಬದ್ಧ ಅರ್ಥವ್ಯವಸ್ಥೆ ಬೇಕೆಂದು ಗ್ರಂಥ ರಚಿಸಿದರು. ತೊಂಬತ್ತರ ವಯಸ್ಸಿನಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. ಗಂಗಾನದಿಯ ಮೊಕಾಮಾ ಸೇತುವೆಯ ಸ್ಥಳನಿರ್ಣಯಕ್ಕೂ ಸಲಹೆಯಿತ್ತರು. ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು.

ಅವರು ನೂರರ ಹೊಸ್ತಿಲಲ್ಲಿದ್ದಾಗ, ೧೯೬೧ರ ಜುಲೈ ೧೨ರಂದು, ಪುಣೆಯ ಮೇಲ್ಗಡೆಯ ಪಾನ್‌ಶೆತ್ ಮಣ್ಣಿನ ಕಟ್ಟೆ ಒಡೆಯಿತು. ಆ ಪ್ರವಾಹವು ಕೆಳಗಿನ ಖಡಕ್‌ವಾಸ್ಲದ ಮೇಲೆ ಎರಗಿತು. ಅವರ ಸ್ವಯಂಚಾಲಿತ ಬಾಗಿಲುಗಳನ್ನು ಮೊಟ್ಟಮೊದಲು ಪಡೆದ ಅದೇ ಕಟ್ಟೆ! ನೀರು ತಲೆಯ ಮೇಲೆ ಉಕ್ಕಿ ಹರಿದು ಆ ಕಲ್ಲಿನ ಕಟ್ಟೆಯೂ ಸೀಳಿ, ಪುಣೆ ನಗರ ಜಲಾವೃತವಾಯಿತು. ನಮ್ಮ ಕಲ್ಪಿತ ಕಟ್ಟೆಯಲ್ಲಿಯೂ ಇಂತಹ ಸಂದರ್ಭವನ್ನು ಊಹಿಸಿ ನೋಡಬಹುದು. ಮೂರು ಮೀಟರಿನಷ್ಟು ನೀರು ತಲೆಯ ಮೇಲೇರಿದರೆ ಉರುಳಿಸುವ ಭ್ರಾಮಕ ೪೫೦೦ರಿಂದ ೫೮೫೦ಕ್ಕೆ ಜಿಗಿಯುತ್ತದೆ. ಭಾರದ ರೇಖೆ ೧೩.೯ ಮೀಟರಿಗೆ ಸರಿದು ನಡುವಿನ ಪಾಲಿನ ಅಂಚಿಗೆ ಬಂದು ನಿಲ್ಲುತ್ತದೆ. ಎತ್ತರದಲ್ಲಿ ಹತ್ತನೆಯ ಒಂದು ಪಾಲು ನೀರು ಹೆಚ್ಚಿದರೆ ಅಪಾಯ ಹತ್ತಕ್ಕೆ ಮೂರರಷ್ಟು ಹೆಚ್ಚಿತು. ನೀರಿನ ಮಟ್ಟವನ್ನು ಮೀರಗೊಡದ ಬಾಗಿಲಿಗಾಗಿ ಅವರು ತಾರುಣ್ಯದಲ್ಲಿ ಪಟ್ಟ ಶ್ರಮದ ಅರ್ಥ ಈ ಲೆಕ್ಕದಲ್ಲಿದೆ. ಆದರೆ ಮೇಲಿನ ಕಟ್ಟೆಯೇ ಒಡೆದು ಬಂದಾಗ ಯಾವ ಬಾಗಿಲೂ ಸಾಲದೆಂಬ ವಿನಯವನ್ನೂ ಆ ದುರಂತ ಕಲಿಸಿತು. ಮರುವರ್ಷ, ೧೯೬೨ರ ಏಪ್ರಿಲಿನಲ್ಲಿ, ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಇಹಲೋಕವನ್ನು ತ್ಯಜಿಸಿದರು. ಅಂತ್ಯಸಂಸ್ಕಾರ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನೆರವೇರಿತು. ಅವರ ಜನ್ಮದಿನವಾದ ಸೆಪ್ಟೆಂಬರ್ ೧೫ನ್ನು ದೇಶವು ಎಂಜಿನಿಯರುಗಳ ದಿನವನ್ನಾಗಿ ಆಚರಿಸುತ್ತಿದೆ.

ಉಪಸಂಹಾರ

ಈ ತತ್ತ್ವವನ್ನು ಕಲಿಸಲು ಬೆಲೆಬಾಳುವ ಉಪಕರಣಗಳು ಬೇಕಾಗಿಲ್ಲವೆಂಬುದು ಅಧ್ಯಾಪಕರು ಗಮನಿಸಬೇಕಾದ ಅಂಶ. ಒಂದು ರಟ್ಟನ್ನು ಶಿವಮೊಗ್ಗ ಜಿಲ್ಲೆಯ ನಕ್ಷೆಯ ಆಕಾರಕ್ಕೆ ಕತ್ತರಿಸಿ, ಅಂಚಿನಲ್ಲಿ ಮೂರು ತೂತು ಕೊರೆದು, ಒಂದೊಂದರಿಂದಲೂ ಮೊಳೆಗೆ ತೂಗುಹಾಕಿ, ಗಾರೆ ಕೆಲಸದವರ ತೂಗುಗುಂಡನ್ನು ಇಳಿಬಿಟ್ಟು ಗೆರೆ ಎಳೆದರೆ ಸಾಕು. ಮೂರು ಗೆರೆಗಳೂ ಕೂಡುವ ಬಿಂದುವಿನಲ್ಲಿ ಬೆರಳಿಟ್ಟರೆ ಇಡೀ ಜಿಲ್ಲೆ ಬೆರಳ ತುದಿಯಲ್ಲಿ ನಿಲ್ಲುತ್ತದೆ. ಅದನ್ನು ಕಂಡ ಮಗುವಿನ ಕಣ್ಣಿನ ಬೆಳಕೇ ಅಧ್ಯಾಪಕನ ಸಂಬಳ. ಆ ಮಗುವನ್ನು ಅಲ್ಲಿಂದ ಲಿಂಗನಮಕ್ಕಿಯ ದಡಕ್ಕೆ ಕರೆದೊಯ್ದು ಕಟ್ಟೆಯ ಅಡ್ಡಕೊಯ್ತವನ್ನು ಬರೆಸುವುದು ಎರಡನೆಯ ಪಾಠ. ನೀರಿನಡಿಯಲ್ಲಿರುವ ಊರುಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆಸುವುದು ಮೂರನೆಯ ಪಾಠ.

ಪರರ ನೆರವಿನಿಂದ ಓದಿದ ಮುದ್ದೇನಹಳ್ಳಿಯ ಹುಡುಗನೊಬ್ಬ ನದಿಗಳ ಭಾರವನ್ನು ಲೆಕ್ಕಹಾಕಲು ಕಲಿತನು. ನಮ್ಮ ಶಾಲೆಗಳ ಹಿಂದಿನ ಬೆಂಚುಗಳಲ್ಲಿ ಅಂತಹ ಹುಡುಗರೂ ಹುಡುಗಿಯರೂ ಇಂದಿಗೂ ಕುಳಿತಿದ್ದಾರೆ. ಅವರ ಅಡಿಪಾಯವನ್ನು ಇಂದೇ ಅಗಲವಾಗಿ ಹಾಕಿಕೊಡುವುದು ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ, ದಾನಿಗಳ ಸಮಾನ ಹೊಣೆ. ಎತ್ತರಕ್ಕೆ ಅನುಮತಿ ಯಾವಾಗ ಬರುವುದೋ ಯಾರೂ ಅರಿಯರು. ಬಂದಾಗ ಅಡಿಪಾಯ ಸಿದ್ಧವಿರಬೇಕು.